ನ್ಯೂಟ್ರಲ್‌ಗೂ ನೆಲಕ್ಕೂ ಒಂದೇ ಗಂಟು

ಮೊಟ್ಟೆಕೋಣೆಯ ತಗಡಿನ ಬಾಗಿಲನ್ನು ಮುಟ್ಟಿದ ಕೂಡಲೇ ನಾದಿನಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬೆರಳ ತುದಿಯಿಂದ ಮೊಣಕೈಯವರೆಗೆ ಇರುವೆಯ ಸಾಲೊಂದು ಓಡಿಹೋದಂತಾಯಿತು.

"ಅತ್ತಿಗೆ, ಇದು ಯಾವಾಗಿಂದ ಹೀಗೆ?"

"ಯಾವುದು, ಜುಮ್ ಅನ್ನೋದಾ? ಮೊದಲಿಂದಾನೂ ಇದೆಯಲ್ಲ. ಬಾಗಿಲು ನನ್ನನ್ನ ಮಾತಾಡಿಸುತ್ತೆ ಅಂದ್ಕೊಂಡಿದ್ದೆ."

"ಇನ್ನೂ ಸ್ವಲ್ಪ ಜೋರಾಗಿ ಮಾತಾಡಿಸಿದ್ದಿದ್ರೆ ಉತ್ತರ ಕೊಡೋಕೆ ನೀವೇ ಇರ್ತಿರಲಿಲ್ಲ."

ಅತ್ತಿಗೆ ನಕ್ಕಳು. ನಾದಿನಿ ನಗಲಿಲ್ಲ. ಮನೆಗಳಿಗೆ ವೈರಿಂಗ್ ಮಾಡಿಕೊಡುವುದು ಅವಳ ಕಸುಬು. ಯಾವ ಜುಮ್ಮಿಗೆ ನಗಬೇಕು, ಯಾವುದಕ್ಕೆ ನಗಬಾರದು ಎಂಬುದು ಅವಳಿಗೆ ಗೊತ್ತಿತ್ತು.

ಪೇಟೆಯ ಕೊನೆಯ ವಿದ್ಯುತ್ ಕಂಬವನ್ನು ದಾಟಿ, ಹಳೆಯ ಕಲ್ಲುಗಣಿಯ ದಾರಿಯಲ್ಲಿ ಮುಂದೆ ಹೋದರೆ ಸಿಗುವ ಒಂಟಿ ಮನೆ ಅದು. ಕಂಬದ ತಂತಿ ಅಲ್ಲಿಗೆ ಬಂದಿರಲಿಲ್ಲ. ಚಾವಣಿಯ ಮೇಲೆ ಸೌರ ಫಲಕಗಳು, ಮೆಟ್ಟಿಲ ಕೆಳಗೆ ಬ್ಯಾಟರಿಗಳು, ಅವುಗಳ ಮೇಲಿನ ಗೋಡೆಯಲ್ಲಿ ಇನ್ವರ್ಟರ್: ಮನೆಯ ಬೆಳಕೆಲ್ಲ ಅಷ್ಟರಿಂದಲೇ. ಬಾತುಕೋಳಿ ಸಾಕಬೇಕೆಂಬ ಹಟಕ್ಕೆ ಬಿದ್ದು ಅತ್ತಿಗೆ ಈ ಮನೆಯನ್ನು ಹಿಡಿದಿದ್ದಳು. ಶಾಲೆಯ ಬಸ್ಸು ಓಡಿಸುವ ಅವಳ ಗಂಡ, ಅಂದರೆ ನಾದಿನಿಯ ಅಣ್ಣ, ಗೊಣಗುತ್ತಲೇ ಹಿಂದೆ ಬಂದಿದ್ದ. ಹಳೆಯ ಉಗ್ರಾಣದ ಗೋಡೆಗಳಿಗೆ ಥರ್ಮಾಕೋಲ್ ಹೊದಿಸಿ, ಕಾಯಿಸುವ ತಂತಿಗಳನ್ನೂ ಒಂದು ಫ್ಯಾನನ್ನೂ ಗೋಡೆಗೇ ಕೂರಿಸಿ, ಅತ್ತಿಗೆ ಅದನ್ನು ಮೊಟ್ಟೆಕೋಣೆ ಮಾಡಿದ್ದಳು. ಅದಕ್ಕೆ ಪ್ಲಗ್ ಇರಲಿಲ್ಲ. ತಂತಿಗಳೆಲ್ಲ ಗೋಡೆಯೊಳಗಿನಿಂದಲೇ ಮನೆಯ ಬೋರ್ಡಿಗೆ ಹೋಗುತ್ತಿದ್ದವು.

ಮೊದಲ ಸಲದ ಮೊಟ್ಟೆಗಳು ಹಾಳಾಗಿದ್ದವು. ಕಾರಣ ಈ ಜುಮ್ಮೇ. ದಿನವೂ ಮೊಟ್ಟೆಗಳನ್ನು ಮಗುಚಿಡಲು ಒಳಗೆ ಹೋಗುವ ಮುನ್ನ ಅತ್ತಿಗೆ ಬಾಗಿಲಿಗೆ ಹೆದರಿ ಮೇನ್ ಸ್ವಿಚ್ ಆರಿಸುತ್ತಿದ್ದಳು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿತು; ಅತ್ತ ಓಡಿದವಳು ಸ್ವಿಚ್ಚನ್ನು ಮರೆತಳು. ಸಂಜೆ ನೆನಪಾಗುವ ಹೊತ್ತಿಗೆ ಮೊಟ್ಟೆಗಳು ನದಿಯ ಕಲ್ಲಿನಂತೆ ತಣ್ಣಗಾಗಿದ್ದವು.

ಅಂದು ಅಣ್ಣ ಕೈ ಮುಂದೆ ಚಾಚಿ ಒಪ್ಪಂದ ಮಾಡಿಕೊಂಡಿದ್ದ. "ಇನ್ನೊಂದೇ ಸಲ. ಮರಿಯಾದ್ರೆ ಇಲ್ಲೇ ಇರೋಣ, ಮತ್ತೆ ನಾನು ಚಕಾರ ಎತ್ತಲ್ಲ. ಆಗದಿದ್ರೆ ಬಾತುಕೋಳಿ ಮಾತು ಬಿಟ್ಟು ಪೇಟೆಗೆ ವಾಪಸ್. ಸರೀನಾ?"

"ಸರಿ ರೀ," ಎಂದು ಅತ್ತಿಗೆ ಕೈ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆಯೇ ನಾದಿನಿಗೆ ಫೋನ್ ಹೋಗಿತ್ತು.

ಈಗ ನಾದಿನಿ ಬೋರ್ಡಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಿಡಿದಳು. ಟ್ರಿಪ್ ಸ್ವಿಚ್ ಇತ್ತು. ಕರೆಂಟು ಸೋರಿದರೆ ತಾನೇ ಬಿದ್ದು ಜೀವ ಉಳಿಸಬೇಕಾದ ಸ್ವಿಚ್ ಅದು. ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದಳು. ಟಪ್ಪೆಂದು ಬಿತ್ತು.

"ನೋಡು, ಕೆಲಸ ಮಾಡುತ್ತಲ್ಲ!" ಎಂದ ಅಣ್ಣ. "ನಾನು ವಾರಕ್ಕೊಂದ್ಸಲ ಒತ್ತಿ ನೋಡ್ತೀನಿ."

"ಗುಂಡಿ ಒತ್ತಿದಾಗ ಬೀಳುತ್ತೆ ಅಣ್ಣ. ಅದು ಸ್ವಿಚ್ಚಿನ ಒಳಗಿನ ಆಟ. ನಿಜವಾದ ಸೋರಿಕೆಗೆ ಬೀಳುತ್ತಾ ನೋಡೋಣ."

ಅವಳು ಪರೀಕ್ಷೆಯ ಬಲ್ಬೊಂದರ ಒಂದು ತಂತಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥ್ ತಂತಿಗೂ ತಾಗಿಸಿದಳು. ಬಲ್ಬು ಹತ್ತಲಿಲ್ಲ. ಸ್ವಿಚ್ ಬೀಳಲಿಲ್ಲ. ಏನೂ ಆಗಲಿಲ್ಲ. ಆ ಏನೂ ಆಗದಿರುವಿಕೆಯೇ ಅವಳಿಗೆ ಭಯ ಹುಟ್ಟಿಸಿತು. ಮನೆಯ ಎಲ್ಲ ಸಾಕೆಟ್ಟುಗಳಿಂದಲೂ ಮೊಟ್ಟೆಕೋಣೆಯ ಬಾಗಿಲಿನಿಂದಲೂ ಬಂದ ಹಸಿರು ಅರ್ಥ್ ತಂತಿಗಳು ಬೋರ್ಡಿನಲ್ಲಿ ಒಂದಾಗಿ, ಚೆಂದದ ಸುರುಳಿಯಾಗಿ, ಅಲ್ಲಿಗೇ ಮುಗಿದಿದ್ದವು. ನೆಲವನ್ನು ಎಲ್ಲಿಯೂ ಮುಟ್ಟಿರಲಿಲ್ಲ. ಇನ್ವರ್ಟರಿನ ನ್ಯೂಟ್ರಲ್ಲಿಗೂ ಅವುಗಳಿಗೂ ಯಾವ ಸಂಬಂಧವೂ ಇರಲಿಲ್ಲ.

ಅಂದು ಮಧ್ಯಾಹ್ನದೊಳಗೆ ಸ್ನಾನದ ಮನೆಯ ಹಿಂದಿನ ಒದ್ದೆ ನೆಲಕ್ಕೆ ತಾಮ್ರ ಲೇಪಿಸಿದ ಸರಳೊಂದು ಇಳಿಯಿತು. ಸುತ್ತಿಗೆ ಬೀಸಿದವನು ಅಣ್ಣ, ಬೈಸಿಕೊಂಡವನೂ ಅವನೇ. ಸರಳಿನಿಂದ ದಪ್ಪ ಹಸಿರು ತಂತಿ ಬೋರ್ಡಿಗೆ ಬಂತು. ಆಮೇಲೆ ನಾದಿನಿ ಇನ್ವರ್ಟರಿನ ಕೈಪಿಡಿಯನ್ನು ತೆರೆದು, ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಲು ಅದು ಒಪ್ಪುತ್ತದೆಂದು ಖಚಿತಪಡಿಸಿಕೊಂಡು, ಟ್ರಿಪ್ ಸ್ವಿಚ್ಚಿಗೂ ಮೊದಲೇ, ಇನ್ವರ್ಟರಿನಿಂದ ಬರುವ ನ್ಯೂಟ್ರಲ್ಲನ್ನು ಗಿಡ್ಡ ತಂತಿಯೊಂದರಿಂದ ಅರ್ಥ್ ಪಟ್ಟಿಗೆ ಬಿಗಿದಳು. ಮತ್ತೆ ಬಲ್ಬು ತಾಗಿಸಿದಳು. ತಾಗಿಸುವುದೇ ತಡ, ಸ್ವಿಚ್ ಬಿತ್ತು.

ಅತ್ತಿಗೆ ಚಪ್ಪಾಳೆ ತಟ್ಟಿದಳು. ಬಾಗಿಲು ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. "ಮಾತೇ ಆಡಲ್ವಲ್ಲೇ! ಕೋಪ ಬಂತೇನೋ ಪಾಪ."

ಅಂದಿನ ಊಟಕ್ಕೆ ಸೋದರಮಾವನೂ ಬಂದಿದ್ದರು. ಅಣ್ಣ-ತಂಗಿಯರ ಅಮ್ಮನಿಗೆ ಒಬ್ಬರೇ ತಮ್ಮ. ಜನರೇಟರುಗಳನ್ನು ರಿಪೇರಿ ಮಾಡುವುದು, ಬೇಕಾದವರಿಗೆ ಒಯ್ದು ಕೊಡುವುದು ಅವರ ವೃತ್ತಿ. ಓಡುವ ಎಂಜಿನ್ನಿನ ಪಕ್ಕದಲ್ಲೇ ನಿಂತು ಜೀವಮಾನವೆಲ್ಲ ಮಾತಾಡಿದ್ದರಿಂದ ಅವರ ಗಂಟಲು ತಗ್ಗುವುದನ್ನೇ ಮರೆತಿತ್ತು. ಮನೆಮಂದಿಗೆಲ್ಲ ಅವರು ಗುಡುಗು ಮಾವ.

"ಏನೇ ಪುಟ್ಟಿ, ನ್ಯೂಟ್ರಲ್ಲನ್ನ ತಗೊಂಡು ಹೋಗಿ ನೆಲಕ್ಕೆ ಕಟ್ಟಿದೆಯಂತೆ? ತಲೆ ನೆಟ್ಟಗಿದೆ ತಾನೆ?"

ನಾದಿನಿ ಕೈಯ ತುತ್ತನ್ನು ತಟ್ಟೆಗಿಟ್ಟಳು. ಇಂಥ ಪ್ರಶ್ನೆಗಾಗಿಯೇ ಅವಳು ಬೆಳಗಿನಿಂದ ಕಾದಿದ್ದಳು. "ಹೋದ ಕರೆಂಟು ವಾಪಸ್ ಬರಲೇಬೇಕು ಮಾವ. ಒಂದು ತಂತೀಲಿ ಹೋಗುತ್ತೆ, ನ್ಯೂಟ್ರಲ್‌ನಲ್ಲಿ ಬರುತ್ತೆ. ಟ್ರಿಪ್ ಸ್ವಿಚ್ ಮಧ್ಯೆ ಕೂತು ನೋಡ್ತಿರುತ್ತೆ, ಹೋದಷ್ಟೂ ಬಂತಾ ಅಂತ. ಎಲ್ಲೋ ಸೋರಿ ಒಂಚೂರು ನೆಲದ ದಾರಿ ಹಿಡೀತು ಅನ್ನಿ, ತಕ್ಷಣ ಬೀಳುತ್ತೆ."

"ಮತ್ತೆ ಇಷ್ಟು ದಿನ ಯಾಕೆ ಬೀಳಲಿಲ್ಲ?"

"ನೆಲದಿಂದ ಇನ್ವರ್ಟರಿಗೆ ವಾಪಸ್ ಹೋಗೋಕೆ ದಾರೀನೇ ಇರಲಿಲ್ಲ! ಕಂಬದ ಕರೆಂಟಾದ್ರೆ ನ್ಯೂಟ್ರಲ್‌ಗೂ ನೆಲಕ್ಕೂ ಹಾಕೋ ಈ ಗಂಟನ್ನ ಕರೆಂಟಿನವರೇ ಟ್ರಾನ್ಸ್‌ಫಾರ್ಮರ್ ಹತ್ತಿರ ಹಾಕಿರ್ತಾರೆ. ಕಂಬ ಇಲ್ಲದ ಮನೇಲಿ ನಾವೇ ಹಾಕ್ಬೇಕು. ಗಂಟಿಲ್ಲದ ಕಡೆ ಟ್ರಿಪ್ ಸ್ವಿಚ್ ಅನ್ನೋದು ಗೋಡೆಗೆ ಹೊಡೆದ ಆಟದ ಸಾಮಾನು."

"ಹಾಗಾದ್ರೆ ನನ್ನ ಜನರೇಟರು?"

"ನಿಮ್ಮದರಲ್ಲಿ ಗಂಟೂ ಇಲ್ಲ, ಸ್ವಿಚ್ಚೂ ಇಲ್ಲ. ನಿಮ್ಮ ಶೆಡ್ಡಲ್ಲಿ ನಾನೇ ಬಿಚ್ಚಿ ನೋಡಿದ್ದೀನಲ್ಲ. ನಿಮ್ಮನ್ನ ಕಾಯ್ತಿರೋದು ನಿಮ್ಮ ಗಂಟಲೊಂದೇ. ಕರೆಂಟು ಹೆದರಿ ದೂರ ನಿಂತಿದೆ."

ಎಲ್ಲರೂ ನಕ್ಕರು. ಮಾವ ಮಾತ್ರ ಯಾವುದೋ ಯೋಚನೆಯಲ್ಲಿ ಮುಳುಗಿ, ಎರಡನೆಯ ಸಲ ಬಡಿಸಿದ್ದನ್ನೂ ಗಮನಿಸದೆ ಉಂಡು ಎದ್ದರು. ನಾದಿನಿ ಹೇಳಬೇಕಾದ ಇನ್ನೊಂದು ಮಾತಿತ್ತು. ಅದು ತನಗೆ ತೀರ ಸಹಜವಾಗಿ ಕಂಡದ್ದರಿಂದ ಅವಳು ಅದನ್ನು ಹೇಳಲಿಲ್ಲ.

*

ಹೊಸ ಮೊಟ್ಟೆಗಳು ಕೋಣೆ ಸೇರಿದವು. ಅತ್ತಿಗೆ ಈಗ ಸ್ವಿಚ್ ಆರಿಸದೆಯೇ ಒಳಗೆ ಹೋಗಿ ಬರುತ್ತಿದ್ದಳು. ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳು ಕಾಣುತ್ತಿದ್ದವು. ಕೆಲವು ದಿನಗಳಾದ ಮೇಲೆ ಒಳಗಿನ ಕಪ್ಪು ಚುಕ್ಕೆ ಮಿಸುಕತೊಡಗಿತು. ಬೇಡ ಬೇಡ ಎನ್ನುತ್ತಿದ್ದ ಅಣ್ಣನೇ ಬಸ್ಸು ನಿಲ್ಲಿಸಿ ಬಂದವನು ಮೊದಲು ಮೊಟ್ಟೆಕೋಣೆಯ ಗಾಜಿನ ಕಿಂಡಿಗೆ ಮೂಗು ಹಚ್ಚುತ್ತಿದ್ದ. ಕೇಳಿದರೆ, "ಥರ್ಮಾಮೀಟರ್ ನೋಡ್ದೆ ಅಷ್ಟೆ," ಎನ್ನುತ್ತಿದ್ದ.

ಮರಿ ಒಡೆಯುವ ದಿನ ಹತ್ತಿರವಾದಾಗ ಮೋಡ ಕವಿಯಿತು. ಕವಿದದ್ದು ಸರಿಯಲಿಲ್ಲ. ಸೌರ ಫಲಕಗಳ ಮೇಲೆ ತುಂತುರು ಮಳೆ ಹಿಡಿದು ಕೂತಿತು. ಅತ್ತಿಗೆ ಫ್ರಿಜ್ ಆರಿಸಿದಳು, ಪಂಪ್ ಆರಿಸಿದಳು, ದೀಪಗಳನ್ನೂ ಆರಿಸಿದಳು. ಆದರೂ ಒಂದು ಮಧ್ಯಾಹ್ನ ಇನ್ವರ್ಟರ್ ಕುಂಯ್ ಕುಂಯ್ ಎಂದು ಅಳತೊಡಗಿತು. ಬ್ಯಾಟರಿ ಬರಿದಾಗುತ್ತಿತ್ತು.

ನಾದಿನಿ ಸ್ಕೂಟರಿನಲ್ಲಿ ತೊಯ್ದು ಬಂದಳು. ಅವಳ ಹಿಂದೆಯೇ ಗೂಡ್ಸ್ ಆಟೋದಲ್ಲಿ ಜನರೇಟರ್ ಹೇರಿಕೊಂಡು ಗುಡುಗು ಮಾವ ಬಂದರು. ಅಣ್ಣ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ ಆಗಷ್ಟೇ ಇಳಿದಿದ್ದ. ಇಬ್ಬರೂ ಸೇರಿ ಜನರೇಟರನ್ನು ಹಿತ್ತಲ ಮಾಡಿನ ಕೆಳಗೆ ಇಳಿಸಿದರು.

"ಎಷ್ಟೊತ್ತಿದೆ?" ನಾದಿನಿ ಕೇಳಿದಳು.

ಅತ್ತಿಗೆ ಉತ್ತರಿಸುವ ಮೊದಲೇ ಇನ್ವರ್ಟರ್ ಉತ್ತರಿಸಿತು. ಅಳು ನಿಂತಿತು. ಮೊಟ್ಟೆಕೋಣೆಯ ಫ್ಯಾನ್ ನಿಧಾನವಾಗಿ, ತೀರ ನಿಧಾನವಾಗಿ ತಿರುಗಿ ನಿಂತುಬಿಟ್ಟಿತು. ಕಿಂಡಿಯಾಚೆ ಥರ್ಮಾಮೀಟರಿನ ಕೆಂಪು ಗೆರೆ ಸರಿಯಾದ ಗುರುತಿನ ಮೇಲೆಯೇ ಇತ್ತು. ಎಲ್ಲಿಯವರೆಗೆ ಇರುತ್ತದೆ?

ಜನರೇಟರಿನ ಬೋರ್ಡಿನಲ್ಲಿ ಹೊಸ ಟ್ರಿಪ್ ಸ್ವಿಚ್ಚಿದ್ದುದನ್ನು ನಾದಿನಿ ಆಗ ಕಂಡಳು. "ಓಹೋ! ಸ್ವಿಚ್ ಹಾಕಿಸಿದ್ದೀರಾ ಮಾವ?"

"ಹಾಕಿಸೋದೇನು, ನಾನೇ ಹಾಕಿದೆ!" ಮಾವ ಎದೆಯುಬ್ಬಿಸಿದರು. ಇನ್ನೇನನ್ನೋ ಹೇಳಹೊರಟವರು, ಸಮಯ ನೋಡಿ, ನುಂಗಿಕೊಂಡು ಹಗ್ಗ ಎಳೆದರು. ಎಂಜಿನ್ ಗುಡುಗಿತು. ನಾದಿನಿ ಕೇಬಲನ್ನು ಇನ್ವರ್ಟರಿಗೆ ಹೊರಗಿನ ಕರೆಂಟು ಬರುವ ಜಾಗಕ್ಕೆ ಜೋಡಿಸಿದಳು. ಇನ್ವರ್ಟರ್ ಹೊಸ ಕರೆಂಟನ್ನು ಮೂಸಿ ನೋಡಿತು. ಸ್ವಲ್ಪ ಹೊತ್ತು ಬಿಟ್ಟು ಟಕ್ಕೆಂದು ಮನೆಯನ್ನು ಅದಕ್ಕೆ ಒಪ್ಪಿಸಿತು. ಫ್ಯಾನ್ ತಿರುಗಿತು.

ಟಪ್!

ಜನರೇಟರಿನ ಸ್ವಿಚ್ ಬಿದ್ದಿತ್ತು. ಫ್ಯಾನ್ ನಿಂತಿತು.

ಮತ್ತೆ ಎತ್ತಿದರು. ಮತ್ತೆ ಬಿತ್ತು. ನಾದಿನಿ ಜನರೇಟರಿಗೆ ನೇರವಾಗಿ ಒಂದು ಬಲ್ಬನ್ನು ಸಿಕ್ಕಿಸಿ ನೋಡಿದಳು. ಬಲ್ಬು ಹಾಯಾಗಿ ಉರಿಯಿತು. ಮನೆಗೆ ಜೋಡಿಸಿದರೆ ಮಾತ್ರ ಸ್ವಿಚ್ ನಿಲ್ಲುತ್ತಿರಲಿಲ್ಲ.

"ನೋಡಿದ್ಯಾ? ನನ್ನದು ಸರಿಯಾಗಿದೆ!" ಮಾವನ ದನಿ ಎಂಜಿನ್ನನ್ನೂ ಮೀರಿಸಿತು. "ನಿಮ್ಮ ಮನೇಲೇ ಎಲ್ಲೋ ಸೋರ್ತಾ ಇದೆ!"

"ಮನೆ ಸೋರಿದ್ರೆ ಮನೆ ಸ್ವಿಚ್ ಬೀಳ್ಬೇಕಿತ್ತು ಮಾವ. ಅದು ಕದಲೇ ಇಲ್ಲ."

"ಹಾಗಾದ್ರೆ ಈ ಹೊಸ ಸ್ವಿಚ್ಚೇ ದಂಡ. ಕಿತ್ತು ಬಿಸಾಕಿ ನೇರ ಕೊಟ್ಟುಬಿಡೋಣ!"

"ಗೆರೆ ಇಳೀತಾ ಇದೆ!" ಒಳಗಿನಿಂದ ಅತ್ತಿಗೆ ಕೂಗಿದಳು.

ಅಣ್ಣ ಕಿಂಡಿಯ ಬಳಿಗೆ ಓಡಿ, ನೋಡಿ, ಹಿತ್ತಲಿಗೆ ಓಡಿ ಬಂದ. ಒಪ್ಪಂದದ ಪ್ರಕಾರ ಗೆಲ್ಲುತ್ತಿದ್ದವನು ಅವನೇ. ಆದರೆ ಅವನು ತಂಗಿಯ ತೋಳು ಹಿಡಿದು ಅಲುಗಿಸಿದ. "ಒಂದು ಮೊಟ್ಟೆ ಮೇಲೆ ಬಿರುಕು ಕಾಣಿಸ್ತಿದೆ ಕಣೇ. ಒಳಗಿಂದ ಕುಕ್ತಾ ಇದೆ. ಮಾವ ಹೇಳಿದಂಗೆ ಮಾಡೇ, ನಿನ್ನ ದಮ್ಮಯ್ಯ. ಒಂದು ಸಂಜೆ ತಾನೆ!"

ನಾದಿನಿಯ ಕೈ ಸ್ಕ್ರೂಡ್ರೈವರಿನ ಮೇಲಿತ್ತು. ಸ್ವಿಚ್ಚನ್ನು ಹಾದು ಹೋಗುವ ತುಂಡು ತಂತಿಯನ್ನು ಹಾಕಲು ಬೇಕಾದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕೋಣೆ ಬೆಚ್ಚಗಾಗುತ್ತದೆ, ಅತ್ತಿಗೆ ನಗುತ್ತಾಳೆ. ಆದರೆ ಯಾವುದಕ್ಕೋ ಹೆದರಿ ಬೀಳುತ್ತಿದ್ದ ಆ ಸ್ವಿಚ್ಚಿನ ಬಾಯಿ ಮುಚ್ಚಿಸಿದ ಮೇಲೆ, ಅದೇ ಅತ್ತಿಗೆ ಒದ್ದೆ ಕೈಯಲ್ಲಿ ನೀರಿನ ತಟ್ಟೆ ಹಿಡಿದು ಅದೇ ತಗಡಿನ ಬಾಗಿಲನ್ನು ತಳ್ಳುತ್ತಾಳೆ.

ಸ್ಕ್ರೂಡ್ರೈವರನ್ನು ಅವಳು ಕೆಳಗಿಟ್ಟಳು.

"ಎಂಜಿನ್ ನಿಲ್ಲಿಸಿ."

"ನಿಲ್ಸೋದಾ? ಈಗ್ಲಾ?"

"ನಿಲ್ಸಿ ಮಾವ! ನಾನು ಯೋಚನೆ ಮಾಡ್ಬೇಕು. ನೀವೂ ಎಂಜಿನ್ನೂ ಒಟ್ಟಿಗೆ ಕೂಗಿದ್ರೆ ಆಗಲ್ಲ."

ಎಂಜಿನ್ ನಿಂತಿತು. ಮಾಡಿನ ತಗಡಿನ ಮೇಲೆ ಮಳೆಯ ಸದ್ದಷ್ಟೇ ಉಳಿಯಿತು. ನಾದಿನಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಣ್ಣು ಮುಚ್ಚಿದಳು. ಗಂಟಿಲ್ಲದ ಕಡೆ ಟ್ರಿಪ್ ಸ್ವಿಚ್ ಬೀಳುವುದಕ್ಕೆ ದಾರಿಯಿಲ್ಲ. ಇದನ್ನು ತಾನೇ ಊಟದ ಹೊತ್ತಿನಲ್ಲಿ ಭಾಷಣ ಮಾಡಿ ಹೇಳಿದ್ದಳು. ಮಾವನ ಜನರೇಟರಿನಲ್ಲಿ ಗಂಟಿಲ್ಲ. ಆದರೂ ಅದರ ಸ್ವಿಚ್ ಬೀಳುತ್ತಿದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ಸ್ವಿಚ್ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಾಳೆ. ಹಾಗಾದರೆ...

ಅವಳು ಕಣ್ಣು ತೆರೆದಳು. ಮನೆಗೆ ಹೋಗುವ ಕೇಬಲನ್ನು ಬಿಚ್ಚಿದಳು. ಎರಡು ಕಡೆ ಕೂಡಿದ್ದರೆ ಬೀಪೆನ್ನುವ ಮೀಟರಿನ ಒಂದು ಕಡ್ಡಿಯನ್ನು ಜನರೇಟರಿನ ನ್ಯೂಟ್ರಲ್ಲಿಗೂ ಇನ್ನೊಂದನ್ನು ಅದರ ಕಬ್ಬಿಣದ ಚೌಕಟ್ಟಿಗೂ ಒತ್ತಿ ಹಿಡಿದಳು.

ಬೀಪ್.

ಮಳೆಯಲ್ಲೂ ಆ ಸದ್ದು ಎಲ್ಲರಿಗೂ ಕೇಳಿಸಿತು.

"ಮಾವ," ಎಂದಳು ನಾದಿನಿ ಮೆಲ್ಲಗೆ, "ಇದರೊಳಗೆ ನ್ಯೂಟ್ರಲ್ಲನ್ನ ಕಟ್ಟಿದ್ದು ಯಾರು?"

ಗುಡುಗು ಮಾವ ಎಲ್ಲರೂ ಬೆಚ್ಚುವಷ್ಟು ಸಣ್ಣ ದನಿಯಲ್ಲಿ ಹೇಳಿದರು: "ನಾನೇ."

"ಯಾವಾಗ?"

"ಅವತ್ತು ನೀನು ಹೇಳಿದ ಮರುದಿನಾನೇ. ಗಂಟಿಲ್ಲದಿದ್ರೆ ಸ್ವಿಚ್ಚು ಆಟದ ಸಾಮಾನು ಅಂದ್ಯಲ್ಲ. ಸ್ವಿಚ್ಚು ತಂದೆ, ಮುಚ್ಚಳ ಬಿಚ್ಚಿ ಒಳಗೆ ಗಂಟೂ ಹಾಕಿದೆ. ನೀನು ಶೆಡ್ಡಿಗೆ ಬಂದಾಗ ತೋರ್ಸಿ, ಶಹಭಾಸ್ ಅನ್ನಿಸ್ಕೋಬೇಕು ಅಂತಿದ್ದೆ. ಇಲ್ಲಿ ಸ್ವಿಚ್ ಬಿದ್ದಾಗ ನಾನೇ ಏನೋ ಕೆಡಿಸಿದೆ ಅನ್ನಿಸ್ತು. ಬಾಯೇ ಬರ್ಲಿಲ್ಲ ಪುಟ್ಟಿ."

"ನಿಮಗೆ ಬಾಯಿ ಬರ್ಲಿಲ್ವಾ!" ಅಣ್ಣ ತಡೆಯಲಾರದೆ ಹೇಳಿದ. "ಮೂರು ಬೀದಿಗೆ ಕೇಳೋ ಬಾಯಿ!"

"ಸುಮ್ನಿರೋ ನೀನು."

"ನೀವೇನೂ ಕೆಡಿಸಿಲ್ಲ ಮಾವ," ಎಂದು ನಾದಿನಿ ಆಗಲೇ ಮುಚ್ಚಳದ ತಿರುಪುಗಳನ್ನು ಹುಡುಕುತ್ತಿದ್ದಳು. "ಗಂಟು ಒಂದೇ ಕಡೆ ಇರ್ಬೇಕು ಅಂತ ನಾನು ಹೇಳಲೇ ಇಲ್ಲ. ತಪ್ಪು ನಂದು. ಮನೇಲಿ ಒಂದು, ಇಲ್ಲೊಂದು. ವಾಪಸ್ ಬರೋ ಕರೆಂಟಿಗೆ ಎರಡು ದಾರಿ ಆಯ್ತು. ಒಂದಷ್ಟು ನ್ಯೂಟ್ರಲ್‌ನಲ್ಲಿ ಬಂತು, ಇನ್ನೊಂದಷ್ಟು ಅರ್ಥ್ ತಂತೀಲಿ ಬಂತು. ಹೋದಷ್ಟು ಬರ್ಲಿಲ್ಲ ಅಂತ ನಿಮ್ಮ ಸ್ವಿಚ್ ಬಿತ್ತು. ಪಾಪ, ಅದು ಸರಿಯಾಗೇ ಕೆಲಸ ಮಾಡಿದೆ."

ಮಾವನ ಮುಖ ಅರಳಿತು. ಅರಳಿದ್ದರ ಜೊತೆಗೆ ದನಿಯೂ ಮರಳಿತು. "ಹಂಗಾದ್ರೆ ಮನೆ ಗಂಟು ತೆಗೆದುಬಿಡು! ನಂದು ಬಲು ಗಟ್ಟಿಯಾಗಿ ಹಾಕಿದ್ದೀನಿ!"

"ಜನರೇಟರ್ ಸೂರ್ಯ ಬಂದ ದಿನ ನಿಮ್ಮ ಜೊತೆ ಹೊರಟುಹೋಗುತ್ತೆ. ಮನೆ ಇಲ್ಲೇ ಇರುತ್ತೆ. ನೀವು ಹೋದ್ಮೇಲೆ ಅತ್ತಿಗೇನ ಕಾಯೋರು ಯಾರು? ನಿಮ್ಮದೇ ಬಿಚ್ಚಬೇಕು. ಬೇರೆ ಕಡೆ ಒಂಟಿಯಾಗಿ ಓಡಿಸುವಾಗ ಮತ್ತೆ ಹಾಕ್ಕೊಳ್ಳಿ."

"ಗೆರೆ!" ಅತ್ತಿಗೆಯ ಕೂಗು ಈಗ ಕೂಗಾಗಿರಲಿಲ್ಲ, ಅಳುವಿನ ಅಂಚಿಗೆ ಬಂದಿತ್ತು.

ಮಾವ ನಾದಿನಿಯ ಕೈಯಿಂದ ಸ್ಕ್ರೂಡ್ರೈವರನ್ನು ಕಸಿದುಕೊಂಡರು. "ನಾನು ಬಿಗಿದದ್ದು ನಿನ್ನ ಕೈಗೆ ಬಗ್ಗಲ್ಲ." ಬಲು ಗಟ್ಟಿಯಾಗಿ ಹಾಕಿದ್ದೇನೆಂದದ್ದು ಬರಿಯ ಜಂಬವಾಗಿರಲಿಲ್ಲ. ತಿರುಪು ಕದಲಲಿಲ್ಲ. ಮಾವ ಹಲ್ಲು ಕಚ್ಚಿದರು, ತಮ್ಮನ್ನು ತಾವೇ ಬೈದುಕೊಂಡರು, ಜನರೇಟರಿಗೆ ಮಂಡಿ ಊರಿ ಮೈಭಾರವನ್ನೆಲ್ಲ ಹಾಕಿದರು. ಕಿರ್ರೆಂದು ತಿರುಪು ಸೋತಿತು. ಗಿಡ್ಡ ತಂತಿ ಕೈಗೆ ಬಂತು. ನಾದಿನಿ ಮೀಟರ್ ಹಿಡಿದಳು. ಬೀಪ್ ಇಲ್ಲ. ಮುಚ್ಚಳ ಮುಚ್ಚಿ ಕೇಬಲ್ ಜೋಡಿಸಿದಳು.

ಎಂಜಿನ್ ಗುಡುಗಿತು. ಇನ್ವರ್ಟರ್ ಟಕ್ಕೆಂದಿತು. ಹಿತ್ತಲಲ್ಲಿದ್ದ ಮೂವರೂ ಆ ಒಂದು ಸಣ್ಣ ಸ್ವಿಚ್ಚಿನ ಮೇಲೆ ಕಣ್ಣು ನೆಟ್ಟರು.

ಅದು ಬೀಳಲಿಲ್ಲ.

ನಾದಿನಿ ಅಷ್ಟಕ್ಕೇ ಬಿಡಲಿಲ್ಲ. ಬಲ್ಬನ್ನು ಮನೆಯೊಳಗಿನ ಫೇಸಿಗೂ ಅರ್ಥಿಗೂ ತಾಗಿಸಿದಳು. ಮನೆಯ ಟ್ರಿಪ್ ಸ್ವಿಚ್ ಟಪ್ಪೆಂದು ಬಿತ್ತು. "ಅಯ್ಯೋ, ಮತ್ತೆ ಬೀಳಿಸಿದ್ಯಲ್ಲೇ!" ಎಂದು ಅಣ್ಣ ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಅವಳು ಅದನ್ನು ಎತ್ತಿದ್ದಳು. "ಬೀಳೋಕೆ ಬರುತ್ತೆ ಅಂತ ಗೊತ್ತಾಯ್ತಲ್ಲ. ಈಗ ಬಾಗಿಲು ಮುಟ್ಟಬಹುದು."

*

ಕೆಂಪು ಗೆರೆ ಮೇಲೇರಿತು. ಆದರೆ ಬಿರುಕು ಬಿಟ್ಟಿದ್ದ ಆ ಮೊಟ್ಟೆ ಕುಕ್ಕುವುದನ್ನು ನಿಲ್ಲಿಸಿತ್ತು.

ಬಾಗಿಲು ತೆರೆಯುವ ಹಾಗಿರಲಿಲ್ಲ. ತೆರೆದರೆ ಒಳಗಿನ ಬೆಚ್ಚನೆಯ ತೇವವೆಲ್ಲ ಹೊರಟುಹೋಗುತ್ತದೆ. ನಾಲ್ವರೂ ಸರದಿಯ ಮೇಲೆ ಕಿಂಡಿಗೆ ಕಣ್ಣಿಟ್ಟರು. ಅತ್ತಿಗೆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ಅಣ್ಣ ಅವಳ ಪಕ್ಕ ಬಂದು ಕೂತ.

"ಚಳಿಗೆ ಸುಸ್ತಾಗಿರುತ್ತೆ. ಮಲಗಿದೆ ಅಷ್ಟೆ," ಎಂದ.

"ನಿಮಗೆ ಬಾತುಕೋಳಿ ಬಗ್ಗೆ ಏನು ಗೊತ್ತು?"

"ಬಸ್ಸಲ್ಲಿ ದಿನಾ ಮಕ್ಕಳನ್ನ ನೋಡ್ತೀನಲ್ಲ. ಏಳೋ ಮುಂಚೆ ಹಿಂಗೇ ಬಿದ್ಕೊಂಡಿರ್ತಾವೆ."

ಅತ್ತಿಗೆ ಅವನ ತೋಳಿಗೆ ಗುದ್ದಿದಳು. ಆ ಗುದ್ದಿನ ಬೆನ್ನಲ್ಲೇ ಗೋಡೆಯಾಚೆಯಿಂದ ಒಂದು ಸದ್ದು ಬಂತು. ಜನರೇಟರಿನ ಗದ್ದಲದ ಕೆಳಗೆ, ಫ್ಯಾನಿನ ಗುಂಯ್ಗುಟ್ಟುವಿಕೆಯ ಕೆಳಗೆ, ಸೂಜಿಯಷ್ಟು ಸಣ್ಣ ಸದ್ದು.

ಮಾವ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು. ಅವರು ಯಾರನ್ನಾದರೂ ಸುಮ್ಮನಾಗಿಸಿದ್ದು ಅದೇ ಮೊದಲು.

ಚಿಂವ್.

ನಾದಿನಿ ಕಿಂಡಿಗೆ ಹಾರಿದಳು. ಬಿರುಕು ಬಿಟ್ಟ ಮೊಟ್ಟೆ ಹಾಗೆಯೇ ಇತ್ತು. ಸದ್ದು ಬಂದದ್ದು ಅದರ ಹಿಂದಿನದರಿಂದ. ಅಲ್ಲೊಂದು ಚಿಪ್ಪು ಟೋಪಿಯಂತೆ ಮೇಲೆದ್ದಿತ್ತು. ಕೆಳಗಿನಿಂದ ಒದ್ದೆಯಾದ, ಕುರೂಪವಾದ, ಕೋಪಗೊಂಡ ತಲೆಯೊಂದು ಹೊರಬಂದು ಅವಳನ್ನೇ ದಿಟ್ಟಿಸಿತು. ಅದರ ಕೂಗಿಗೆ ಓಗೊಟ್ಟಂತೆ ಪಕ್ಕದ ಮೊಟ್ಟೆ ಅಲುಗಿತು. ಆಚೆಯದೂ ಅಲುಗಿತು. ಕೊನೆಗೆ, ಎಲ್ಲರನ್ನೂ ಹೆದರಿಸಿದ್ದ ಆ ಸೋಮಾರಿಯೂ ಒಳಗಿನಿಂದ ಮತ್ತೊಮ್ಮೆ ಕುಕ್ಕಿತು.

"ಅತ್ತಿಗೆ, ನೋಡ್ಬನ್ನಿ! ಥೇಟ್ ಅಣ್ಣನ ಮುಖ!"

ಅತ್ತಿಗೆ ನೋಡಿದಳು. ನೋಡುತ್ತಲೇ ಇದ್ದಳು. ಮಾವ ಅತ್ತದ್ದನ್ನು ಯಾರೂ ಗಮನಿಸದಿರಲೆಂದು ಪೆಟ್ರೋಲ್ ಎಷ್ಟಿದೆಯೆಂದು ನೋಡುವ ನೆಪದಲ್ಲಿ ಹಿತ್ತಲಿಗೆ ಹೋದರು. ಹೋದವರು ಅಲ್ಲಿಂದಲೇ, "ಎಷ್ಟಾಯ್ತು? ಎಷ್ಟಾಯ್ತು?" ಎಂದು ಕೂಗಿ ಕೂಗಿ ಕೇಳಿದರು.

ಬೆಳಕಾಗುವ ಹೊತ್ತಿಗೆ ಕೋಣೆಯ ತುಂಬ ಹಳದಿ ಉಂಡೆಗಳು ಒಂದರ ಮೇಲೊಂದು ಬಿದ್ದು ಏಳುತ್ತಿದ್ದವು. ಎಲ್ಲ ಮೊಟ್ಟೆಗಳೂ ಒಡೆಯಲಿಲ್ಲ; ಕೆಲವು ಆ ಚಳಿಯನ್ನು ದಾಟಲಿಲ್ಲ. ಅವನ್ನು ಅತ್ತಿಗೆ ಬೇರೆಯಾಗಿ ತೆಗೆದಿಟ್ಟಳು. ಅಣ್ಣ ಚಹಾ ಮಾಡಿ ತಂದ. ಒಪ್ಪಂದದ ಮಾತನ್ನು ಯಾರೂ ಎತ್ತಲಿಲ್ಲ. ನಾದಿನಿ ಮಾತ್ರ ಲೋಟದ ಅಂಚಿನ ಮೇಲಿನಿಂದ ಅವನನ್ನು ನೋಡುತ್ತಿದ್ದಳು.

ಅತ್ತಿಗೆ ಲೋಟ ಕೆಳಗಿಟ್ಟಳು. "ರೀ, ಇವಕ್ಕೆ ಈಜೋಕೆ ನೀರು ಬೇಕು."

ಅಣ್ಣ ಅಂಗೈಯಲ್ಲಿ ನಿದ್ದೆ ಹೋಗಿದ್ದ ಮರಿಯನ್ನು ನೋಡಿದ. ಮರಿಯನ್ನು ಬಲು ಜೋಪಾನವಾಗಿ ತಂಗಿಯ ಕೈಗಿಟ್ಟು, ಮಾಡಿನ ಕೆಳಗಿದ್ದ ಗುದ್ದಲಿ ತೆಗೆದುಕೊಂಡು ಮಳೆಯಲ್ಲೇ ಅಂಗಳಕ್ಕಿಳಿದ.

"ಎಷ್ಟು ಆಳ ಬೇಕು?" ಎಂದು ಅಲ್ಲಿಂದ ಕೂಗಿದ.

"ನೀವು ಜಾರಿ ಬಿದ್ರೆ ಎದ್ದು ಬರೋಷ್ಟು!" ಎಂದು ಅತ್ತಿಗೆ ಕೂಗಿದಳು. ಅವನು ಗುದ್ದಲಿಯನ್ನು ಮೇಲೆತ್ತಿದ.